ಕಾರ್ಬ್ಯುರೇಟರ್ ಹೀಟ್ ನಾಬ್ ಮುರಿದಾಗ: 1946ರ ಹಗುರ ವಿಮಾನವೊಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ವಿಮಾನ 1946ರಲ್ಲಿ ತಯಾರಾದದ್ದು. ಅಮೆರಿಕದಲ್ಲಿ ನೋಂದಣಿಯಾಗಿರುವ ಇದು ಇಬ್ಬರು ಅಕ್ಕಪಕ್ಕ ಕೂರಬಹುದಾದ, ರೆಕ್ಕೆ ಮೇಲ್ಭಾಗದಲ್ಲಿರುವ, ಬಾಲದ ತುದಿಯಲ್ಲಿ ಪುಟ್ಟ ಚಕ್ರವಿರುವ ಹಗುರ ವಿಮಾನ. ಅದರ ಎಂಜಿನ್ ನಾಲ್ಕು ಸಿಲಿಂಡರ್‌ಗಳ ಕಾಂಟಿನೆಂಟಲ್ ಸಿ-85. ನಿಮಿಷಕ್ಕೆ 2575 ಸುತ್ತುಗಳಲ್ಲಿ 85 ಅಶ್ವಶಕ್ತಿ ನೀಡುವ ಈ ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಕೊಡುವ ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್ ಇದೆ. ಹಾರಾಟಕ್ಕೆ ಮುನ್ನ ನೆಲದ ಮೇಲೆ ಎಂಜಿನ್ ಪರೀಕ್ಷೆ ಮಾಡುತ್ತಿದ್ದ ಮಾಲೀಕರು, ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಹಾಯಿಸುವ ಕಾರ್ಬ್ಯುರೇಟರ್ ಹೀಟ್ ನಾಬನ್ನು ಹೊರಗೆಳೆದಾಗ ಅದು ಎರಡು ಹೋಳಾಗಿ ಅವರ ಕೈಗೆ ಬಂತು. ಪ್ಯಾನೆಲ್‌ನಲ್ಲಿ ಉಳಿದದ್ದು ಥ್ರೆಡ್ ಕೊರೆದ ಉಕ್ಕಿನ ಮೋಟು ಸರಳು ಮಾತ್ರ. ಮಾಲೀಕರು ಎಂಜಿನ್ ನಿಲ್ಲಿಸಿ, ವಿಮಾನವನ್ನು ಹ್ಯಾಂಗರಿಗೆ ತಳ್ಳಿಸಿ, ಅದನ್ನು ನೋಡಿಕೊಳ್ಳುವ ಪರವಾನಗಿ ಪಡೆದ ಮೆಕ್ಯಾನಿಕ್‌ಗೆ ತಿಳಿಸಿದರು.

ಮೇಲ್ನೋಟಕ್ಕೆ ಇದು ಕೆಲವೇ ನಿಮಿಷಗಳ ಕೆಲಸ. ಹಳೆಯ ನಾಬ್ ಮುರಿದಿದೆ, ಹೊಸದೊಂದನ್ನು ಅದೇ ಥ್ರೆಡ್ಡಿಗೆ ತಿರುಗಿಸಿ ಕೂರಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಪ್ರಕರಣದಲ್ಲಿ ನಾಬ್ ಮುರಿದದ್ದಕ್ಕೆ ಕಾರಣ ನಾಬ್‌ನಲ್ಲಿ ಮಾತ್ರ ಇರಲಿಲ್ಲ. ಆ ಕಾರಣವನ್ನು ಹುಡುಕದೆ ಹೊಸ ನಾಬ್ ಹಾಕಿದ್ದರೆ, ಹಳೆಯದು ಬಯಲು ಮಾಡಿದ ದೋಷವನ್ನು ಹೊಸದು ಇನ್ನಷ್ಟು ವರ್ಷ ಮುಚ್ಚಿಡುತ್ತಿತ್ತು. ಈ ಅಧ್ಯಯನದ ಹೆಚ್ಚಿನ ಭಾಗ ಆ ಹುಡುಕಾಟಕ್ಕೆ ಮೀಸಲಾಗಿರುವುದು ಅದಕ್ಕಾಗಿಯೇ.

ನಾಬ್‌ನ ಆಚೆ ತುದಿಯಲ್ಲಿ ಏನಿದೆ

ಕಾರ್ಬ್ಯುರೇಟರ್‌ನ ಕಿರಿದಾದ ಕಂಠದಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ. ಅಲ್ಲಿಯೇ ಪೆಟ್ರೋಲ್ ಆವಿಯಾಗುತ್ತದೆ. ಎರಡೂ ಸೇರಿ ಆ ಜಾಗವನ್ನು ತಣ್ಣಗಾಗಿಸುತ್ತವೆ. ತಾಪಮಾನದ ಇಳಿಕೆ 33ರಿಂದ 39 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. ಆದ್ದರಿಂದ ಹೊರಗೆ ಹಿತವಾದ ಹವೆ ಇರುವಾಗಲೂ, ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ, ಕಾರ್ಬ್ಯುರೇಟರ್‌ನ ಒಳಗೆ ಮಂಜುಗಡ್ಡೆ ಕಟ್ಟಿಕೊಂಡು ಎಂಜಿನ್ನಿನ ಉಸಿರು ಕಟ್ಟುತ್ತದೆ. ಹೊರಗಿನ ತಾಪಮಾನ 21 ಡಿಗ್ರಿಗಿಂತ ಕಡಿಮೆ ಇದ್ದು ಸಾಪೇಕ್ಷ ಆರ್ದ್ರತೆ ಶೇ. 80ಕ್ಕಿಂತ ಹೆಚ್ಚಿರುವಾಗ ಇದರ ಸಾಧ್ಯತೆ ಅತಿ ಹೆಚ್ಚು ಎಂಬುದು ಪೈಲಟ್‌ಗಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಸಣ್ಣ ಕಾಂಟಿನೆಂಟಲ್ ಎಂಜಿನ್‌ಗಳಲ್ಲಿ ಕಾರ್ಬ್ಯುರೇಟರ್ ಎಂಜಿನ್ನಿನ ಬಿಸಿ ಭಾಗಗಳಿಂದ ದೂರ ತೂಗಿಕೊಂಡಿರುವುದರಿಂದ ಅವು ಈ ತೊಂದರೆಗೆ ಬೇಗ ಒಳಗಾಗುತ್ತವೆ ಎಂಬ ಹೆಸರು ಪಡೆದಿವೆ.

ಇದಕ್ಕೆ ಪರಿಹಾರವೇ ಕಾರ್ಬ್ಯುರೇಟರ್ ಹೀಟ್. ಹೊಗೆಕೊಳವೆಯ ಸುತ್ತ ಸುತ್ತಿರುವ ತಗಡಿನ ಕವಚದೊಳಗೆ ಬಿಸಿಯಾದ ಗಾಳಿಯನ್ನು ಒಂದು ಮೆದುಕೊಳವೆಯ ಮೂಲಕ, ಕಾರ್ಬ್ಯುರೇಟರ್‌ಗೆ ಗಾಳಿ ಒದಗಿಸುವ ಪೆಟ್ಟಿಗೆಯಾದ ಏರ್‌ಬಾಕ್ಸ್‌ಗೆ ತರಲಾಗುತ್ತದೆ. ಏರ್‌ಬಾಕ್ಸ್‌ನೊಳಗಿನ ಕದ ಒಂದು ಕಡೆಗೆ ತಿರುಗಿದರೆ ಫಿಲ್ಟರ್ ಹಾಯ್ದು ಬಂದ ತಣ್ಣನೆಯ ಗಾಳಿ, ಇನ್ನೊಂದು ಕಡೆಗೆ ತಿರುಗಿದರೆ ಫಿಲ್ಟರ್ ಹಾಯದ ಬಿಸಿಗಾಳಿ ಎಂಜಿನ್ನಿಗೆ ಹೋಗುತ್ತದೆ. ಪ್ಯಾನೆಲ್‌ನ ನಾಬ್ ಒಂದು ಗಡುಸಾದ ಒಳತಂತಿಯ ಮೂಲಕ ಈ ಕದದ ಸನ್ನೆಗೆ ಜೋಡಿಸಿಕೊಂಡಿದೆ. ನಾಬ್ ಒಳಗಿದ್ದರೆ ತಣ್ಣನೆಯ ಗಾಳಿ, ಹೊರಗೆಳೆದರೆ ಬಿಸಿಗಾಳಿ. ಬಿಸಿಗಾಳಿಯ ಸಾಂದ್ರತೆ ಕಡಿಮೆಯಾದ್ದರಿಂದ, ಸ್ಥಿರ ಕೋನದ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ನಾಬ್ ಎಳೆದ ಕೂಡಲೇ ಎಂಜಿನ್ನಿನ ಸುತ್ತುಗಳು ಸ್ವಲ್ಪ ಇಳಿಯಬೇಕು. ಮಂಜುಗಡ್ಡೆ ಇದ್ದಿದ್ದರೆ, ಅದು ಕರಗಿದಂತೆ ಸುತ್ತುಗಳು ಮತ್ತೆ ಏರಬೇಕು. ಪೈಲಟ್‌ಗೆ ಒಳಗಿನ ಸ್ಥಿತಿಯನ್ನು ತಿಳಿಸುವುದು ಈ ಇಳಿತ ಮತ್ತು ಏರಿಕೆ ಮಾತ್ರ.

ಹಾಗಾದರೆ, ನಾಬ್ ಇಲ್ಲದೆಯೇ ಒಂದು ದಿನದ ಮಟ್ಟಿಗೆ ಹಾರಿ ಬರಬಹುದೆ? ಅಮೆರಿಕದ ನಿಯಮ 91.213ರ ಪ್ರಕಾರ, ಸಣ್ಣ ವಿಮಾನಗಳಲ್ಲಿ ಕೆಟ್ಟುಹೋದ ಕೆಲವು ಉಪಕರಣಗಳನ್ನು ನಿಷ್ಕ್ರಿಯಗೊಳಿಸಿ, ಅದರ ಮೇಲೆ 'ಕೆಲಸ ಮಾಡುತ್ತಿಲ್ಲ' ಎಂಬ ಫಲಕ ಅಂಟಿಸಿ ಹಾರಲು ಅವಕಾಶವಿದೆ. ಆದರೆ ಆ ಉಪಕರಣ ವಿಮಾನದ ಮಾದರಿ ಪ್ರಮಾಣೀಕರಣಕ್ಕೆ ಅಗತ್ಯವಾದದ್ದಾಗಿರಬಾರದು. ಕಾರ್ಬ್ಯುರೇಟರ್ ಬಿಸಿ ಮಾಡುವ ವ್ಯವಸ್ಥೆ ಹಾಗೆ ನಿಷ್ಕ್ರಿಯಗೊಳಿಸಿ ಹಾರಬಹುದಾದ ಉಪಕರಣಗಳ ಸಾಲಿಗೆ ಸೇರುವುದಿಲ್ಲ. ಸಣ್ಣ ವಿಮಾನಗಳ ವಿನ್ಯಾಸಕ್ಕೆಂದು ಮುಂದೆ ರೂಪುಗೊಂಡ ಭಾಗ 23ರ ನಿಯಮ 23.1093, ಇಂಥ ಎಂಜಿನ್‌ಗಳ ಹೀಟರ್ ಶೇ. 75ರಷ್ಟು ಶಕ್ತಿಯಲ್ಲಿ ಗಾಳಿಯ ತಾಪವನ್ನು 90 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು, ಅಂದರೆ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಬೇಕೆಂದು ಅಂಕಿಯಲ್ಲಿಯೇ ಹೇಳಿತ್ತು. ಮೋಟು ಸರಳನ್ನು ಇಕ್ಕಳದಿಂದ ಹಿಡಿದೆಳೆದುಕೊಂಡು ಹಾರಬಹುದು ಎಂಬ ಸಲಹೆ ಹ್ಯಾಂಗರಿನಲ್ಲಿ ಕೇಳಿಬಂದದ್ದು ನಿಜ. ನಿಯಮವನ್ನು ಬದಿಗಿಟ್ಟರೂ ಆ ಸಲಹೆ ನಿಲ್ಲುವುದಿಲ್ಲ: ಎಂಜಿನ್ ಅದುರತೊಡಗಿ ನೆಲ ಹತ್ತಿರವಾಗುತ್ತಿರುವ ಹೊತ್ತಿನಲ್ಲಿ ಪೈಲಟ್ ಇಕ್ಕಳ ಹುಡುಕುವಂತಾಗಬಾರದು.

ಮುರಿದ ತುಂಡುಗಳ ಪರೀಕ್ಷೆ

ಮೆಕ್ಯಾನಿಕ್ ಎರಡು ಹೋಳುಗಳನ್ನು ಎಸೆಯದೆ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರು. ಬಿರುಕಿನ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಕಂದು ಬಣ್ಣಕ್ಕೆ ತಿರುಗಿ, ಎಣ್ಣೆಯ ಜಿಡ್ಡು ಮತ್ತು ಧೂಳಿನಿಂದ ಮಂಕಾಗಿತ್ತು. ಉಳಿದ ಭಾಗ ಮಾತ್ರ ಹೊಳೆಯುತ್ತಿತ್ತು. ಅಂದರೆ ನಾಬ್ ಆ ದಿನ ಮುರಿದದ್ದಲ್ಲ, ಆ ದಿನ ಮುರಿದು ಮುಗಿದದ್ದು. ಬಿರುಕು ಒಳಗಿನಿಂದ, ಲೋಹದ ಒಳತೋಳು (ಪುಟ್ಟ ಕೊಳವೆ) ಕೂತಿದ್ದ ರಂಧ್ರದ ಅಂಚಿನಿಂದ ಹುಟ್ಟಿ ಬಹುಕಾಲ ನಿಧಾನವಾಗಿ ಹೊರಮೈಯತ್ತ ಸಾಗಿತ್ತು.

ಆ ಕಾಲದ ನಾಬ್‌ಗಳಲ್ಲಿ ಅನೇಕವು ಸೆಲ್ಯುಲೋಸ್ ಅಸಿಟೇಟ್ ಅಥವಾ ಅದರ ಸಂಬಂಧಿ ಪ್ಲಾಸ್ಟಿಕ್‌ಗಳಲ್ಲಿ ಎರಕಗೊಂಡವು. ಅವುಗಳನ್ನು ಮೃದುವಾಗಿಡಲು ಬೆರೆಸಿದ ರಾಸಾಯನಿಕ ವರ್ಷಗಳು ಕಳೆದಂತೆ ಆವಿಯಾಗಿ ಹೊರಹೋಗುತ್ತದೆ, ಪ್ಲಾಸ್ಟಿಕ್ ಕುಗ್ಗುತ್ತದೆ. ಆದರೆ ನಡುವೆ ಇರುವ ಲೋಹ ಕುಗ್ಗುವುದಿಲ್ಲ. ಹೀಗಾಗಿ ಲೋಹವನ್ನು ಸುತ್ತುವರಿದ ಪ್ಲಾಸ್ಟಿಕ್‌ನಲ್ಲಿ, ಯಾರೂ ಮುಟ್ಟದಿದ್ದರೂ, ಬಳೆಯಾಕಾರದ ಎಳೆತ ಸದಾ ಇರುತ್ತದೆ. ಇದರ ಮೇಲೆ ದಿನನಿತ್ಯದ ಬಿಸಿ ಮತ್ತು ತಂಪು ಬೇರೆ: ಈ ಪ್ಲಾಸ್ಟಿಕ್‌ನ ಉಷ್ಣ ವಿಸ್ತರಣೆ ಉಕ್ಕಿನದರ ಸುಮಾರು ಹತ್ತು ಪಟ್ಟು. ಸೆಲ್ಯುಲೋಸ್ ಅಸಿಟೇಟ್ ಕ್ಷಯಿಸುವಾಗ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ತುಂಡುಗಳನ್ನು ಮೂಗಿನ ಬಳಿ ಹಿಡಿದಾಗ ವಿನಿಗರ್‌ನ ವಾಸನೆ ಬಂದದ್ದೂ, ಸರಳಿನ ಥ್ರೆಡ್ ಮೇಲೆ ನಾಬ್ ಮುಚ್ಚಿದ್ದಷ್ಟು ಉದ್ದಕ್ಕೆ ತುಕ್ಕು ಹಿಡಿದದ್ದೂ ಇದನ್ನೇ ಹೇಳಿದವು. ಹಳೆಯ ಫಿಲ್ಮ್ ಸುರುಳಿಗಳನ್ನು ಕಾಪಿಡುವವರಿಗೆ ಈ ವಾಸನೆ ಚೆನ್ನಾಗಿ ಪರಿಚಿತ. ವಿಮಾನ ದುರಸ್ತಿ ಮಾಡುವವರೂ ಇದನ್ನು ಗುರುತಿಸಲು ಕಲಿತರೆ ಒಳ್ಳೆಯದು.

ಇಲ್ಲಿಗೇ ನಿಲ್ಲಿಸಿ 'ಹಳೆಯ ಪ್ಲಾಸ್ಟಿಕ್, ಆಯಸ್ಸು ಮುಗಿದಿತ್ತು' ಎಂದು ತೀರ್ಮಾನಿಸಬಹುದಿತ್ತು. ಆದರೆ ಅದೇ ಪ್ಯಾನೆಲ್‌ನಲ್ಲಿ, ಅದೇ ಕಾಲದ, ಅದೇ ಪ್ಲಾಸ್ಟಿಕ್‌ನ ಕ್ಯಾಬಿನ್ ಹೀಟ್ ನಾಬ್ ಇನ್ನೂ ಗಟ್ಟಿಯಾಗಿತ್ತು. ಎರಡರ ವಯಸ್ಸೂ ಒಂದೇ, ವಸ್ತುವೂ ಒಂದೇ. ವ್ಯತ್ಯಾಸವಿದ್ದದ್ದು ಅವುಗಳನ್ನು ಎಳೆಯಲು ಬೇಕಾಗುತ್ತಿದ್ದ ಬಲದಲ್ಲಿ.

ಬಿಗಿಯಾದ ಕೇಬಲ್

ಮೆಕ್ಯಾನಿಕ್ ಮೋಟು ಸರಳಿಗೆ ಒಂದು ನಟ್ಟು ತಿರುಗಿಸಿ, ಅದಕ್ಕೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರು. ತಂತಿ ಅಲುಗಾಡಲು ಒಂಬತ್ತು ಕಿಲೋಗ್ರಾಂ ತೂಕದಷ್ಟು ಬಲ ಬೇಕಾಯಿತು, ಆಮೇಲೆ ಅದು ಝಟಕ್ಕನೆ ಹೊರಬಂತು. ಪಕ್ಕದ ಕ್ಯಾಬಿನ್ ಹೀಟ್ ಕೇಬಲ್‌ಗೆ ಎರಡು ಕಿಲೋ ಸಾಕಾಗಿತ್ತು. ಆಮೇಲೆ ಏರ್‌ಬಾಕ್ಸ್‌ನ ತುದಿಯಲ್ಲಿ ತಂತಿಯನ್ನು ಕಳಚಿ, ಕದದ ಸನ್ನೆಯನ್ನು ಬೆರಳಿನಿಂದ ತಿರುಗಿಸಿ ನೋಡಿದಾಗ ಅದು ಯಾವ ತಡೆಯೂ ಇಲ್ಲದೆ ಕೊನೆಯಿಂದ ಕೊನೆಗೆ ತಿರುಗಿತು. ಬಿಗಿತ ಕದದಲ್ಲಿಲ್ಲ, ಕೇಬಲ್‌ನಲ್ಲಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ದೋಷವನ್ನು ಹೀಗೆ ಎರಡು ಭಾಗ ಮಾಡಿ, ಯಾವ ಭಾಗದಲ್ಲಿದೆ ಎಂದು ನೋಡುವ ಕ್ರಮ ಹಳೆಯದು, ಸರಳವಾದದ್ದು. ಅವಸರದಲ್ಲಿ ಮೊದಲು ಕೈಬಿಡುವುದೂ ಅದನ್ನೇ.

ಕೇಬಲ್‌ನ ಜಾಡು ಹಿಡಿದು ಹೋದಾಗ ಮೂಲ ಸಿಕ್ಕಿತು. ಬೆಂಕಿತಡೆ ಗೋಡೆಯನ್ನು ದಾಟಿ ಎಂಜಿನ್ ಕಡೆಗೆ ಬಂದ ಹೊರಕವಚವನ್ನು ಎತ್ತಿ ಹಿಡಿಯಬೇಕಾಗಿದ್ದ ಒಂದು ಕ್ಲ್ಯಾಂಪ್‌ನ ರಬ್ಬರ್ ಸವೆದುಹೋಗಿತ್ತು. ಕವಚ ಅದರಿಂದ ಜಾರಿ, ಜೋತುಬಿದ್ದು, ಹೊಗೆಕೊಳವೆಯ ತಗಡಿನ ಕವಚಕ್ಕೆ ತಾಗಿಕೊಂಡಿತ್ತು. ತಾಗಿದ ಜಾಗದಲ್ಲಿ ಒಳಗಿನ ಗ್ರೀಸ್ ಸುಟ್ಟು, ಧೂಳಿನೊಂದಿಗೆ ಸೇರಿ, ಗಟ್ಟಿ ಅಂಟಾಗಿತ್ತು. ಜೋತುಬಿದ್ದ ಕವಚ ಇನ್ನೊಂದು ಕೆಲಸವನ್ನೂ ಮಾಡಿತ್ತು: ನಾಬ್ ಎಳೆದಾಗ ಚಲನೆಯ ಒಂದು ಪಾಲು ಕದದ ಸನ್ನೆಯನ್ನು ತಿರುಗಿಸುವ ಬದಲು ಕವಚದ ಆ ಜೋಲನ್ನು ನೇರ ಮಾಡುವುದರಲ್ಲಿಯೇ ಮುಗಿದುಹೋಗುತ್ತಿತ್ತು. ನಾಬ್ ಪೂರ್ತಿ ಹೊರಬಂದಾಗಲೂ ಕದ ತನ್ನ ಹಾದಿಯ ಮೂರನೇ ಎರಡು ಭಾಗದಷ್ಟೇ ತಿರುಗುತ್ತಿತ್ತು.

ಈ ಹಂತದಲ್ಲಿ ಮಾಲೀಕರು ಒಂದು ಮಾತು ನೆನಪಿಸಿಕೊಂಡರು. ಈಚಿನ ವರ್ಷಗಳಲ್ಲಿ ನೆಲದ ಪರೀಕ್ಷೆಯಲ್ಲಿ ಹೀಟ್ ಎಳೆದಾಗ ಸುತ್ತುಗಳ ಇಳಿತ ಕಡಿಮೆಯಾಗುತ್ತ ಬಂದಿತ್ತು. ಎಂಜಿನ್ ಆರೋಗ್ಯವಾಗಿದೆ ಎಂಬುದಕ್ಕೆ ಅದೊಂದು ಗುರುತು ಎಂದು ಅವರು ಭಾವಿಸಿದ್ದರು. ಇದು ಅಪರೂಪದ ತಪ್ಪುಗ್ರಹಿಕೆಯಲ್ಲ. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊಗಳ ಪರೀಕ್ಷೆಯಲ್ಲಿ ಇಳಿತ ಒಂದು ಮಿತಿಯೊಳಗಿರಬೇಕು ಎಂದು ಕಲಿತ ಮನಸ್ಸು, ಹೀಟ್ ಪರೀಕ್ಷೆಯಲ್ಲಿಯೂ ಇಳಿತ ಕಡಿಮೆಯಾದಷ್ಟೂ ಒಳ್ಳೆಯದೆಂದು ಸಹಜವಾಗಿ ಭಾವಿಸುತ್ತದೆ. ವಾಸ್ತವ ಅದಕ್ಕೆ ವಿರುದ್ಧ. ಇಲ್ಲಿ ಇಳಿತ ಎಂದರೆ ಬಿಸಿಗಾಳಿ ಬರುತ್ತಿದೆ ಎಂಬುದಕ್ಕೆ ಸಾಕ್ಷಿ. ಇಳಿತ ಕುಗ್ಗಿದರೆ ಬಿಸಿಗಾಳಿ ಕುಗ್ಗಿದೆ ಎಂದೇ ಮೊದಲು ಶಂಕಿಸಬೇಕು. ನಾಬ್ ಮುರಿಯದಿದ್ದರೆ ಈ ಅರ್ಧಂಬರ್ಧ ತೆರೆಯುವ ಕದ ಮುಂದಿನ ವಾರ್ಷಿಕ ತಪಾಸಣೆಯವರೆಗೆ, ಬಹುಶಃ ಆಮೇಲೂ, ಹಾಗೆಯೇ ಉಳಿಯುತ್ತಿತ್ತು.

ಒಳತಂತಿಯನ್ನು ಪ್ಯಾನೆಲ್ ಕಡೆಯಿಂದ ಪೂರ್ತಿ ಹೊರಗೆಳೆದು ಒರೆಸಿ ನೋಡಿದಾಗ ಅದರಲ್ಲಿ ತುಕ್ಕಿನ ಕುಳಿಯಾಗಲಿ ಮುರುಕಾಗಲಿ ಇರಲಿಲ್ಲ. ಹೊರಕವಚದ ಸುರುಳಿಯೂ ಎಲ್ಲಿಯೂ ಮಡಚಿಕೊಂಡಿರಲಿಲ್ಲ. ಮಡಚಿದ್ದರೆ ಇಡೀ ಕೇಬಲ್ಲನ್ನು ಬದಲಿಸುವುದು ಬಿಟ್ಟು ಬೇರೆ ದಾರಿಯಿರಲಿಲ್ಲ, ಮತ್ತು ಹೊಸ ಕೇಬಲ್‌ನೊಂದಿಗೆ ಹೊಸ ನಾಬ್ ಕೂಡ ಬರುತ್ತಿದ್ದುದರಿಂದ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಕವಚವನ್ನು ತೊಳೆದು, ಒಣಗಿಸಿ, ತಂತಿಗೆ ತೆಳುವಾಗಿ ಲೂಬ್ರಿಕೆಂಟ್ ಹಚ್ಚಿ, ಹೊಸ ಕ್ಲ್ಯಾಂಪ್ ಹಾಕಿ, ಬಿಸಿ ತಗಡಿನಿಂದ ಸಾಕಷ್ಟು ದೂರದಲ್ಲಿ ಬಿಗಿದ ಮೇಲೆ ಎಳೆತ ಎರಡು ಕಿಲೋಗಿಂತ ಕೆಳಗಿಳಿಯಿತು.

ಯಾವ ನಾಬ್, ಯಾರ ಅಧಿಕಾರದಿಂದ

ನಾಬ್‌ನ ಪ್ರಶ್ನೆ ಈಗ ಬಂತು. ಮುರಿದ ಹೋಳುಗಳನ್ನು ಎಪಾಕ್ಸಿಯಿಂದ ಅಂಟಿಸುವ ಯೋಚನೆ ಬೇಗ ಬಿದ್ದುಹೋಯಿತು. ಅಂಟು ಹಳೆಯ ಬಿರುಕನ್ನು ಮುಚ್ಚಬಹುದೇ ಹೊರತು ಕುಗ್ಗುತ್ತಿರುವ ಪ್ಲಾಸ್ಟಿಕ್‌ನೊಳಗಿನ ಎಳೆತವನ್ನು ಇಲ್ಲವಾಗಿಸದು. ಪಕ್ಕದಲ್ಲಿಯೇ ಇನ್ನೊಂದು ಬಿರುಕು ಹುಟ್ಟುತ್ತದೆ. ನಿಯಮ 43.13 ಕೆಲಸದ ಗುಣಮಟ್ಟವನ್ನು ಹೇಳುವಾಗ, ದುರಸ್ತಿಯಾದ ಭಾಗ ಅದರ ಮೂಲ ಸ್ಥಿತಿಗೆ, ಅಥವಾ ಸರಿಯಾಗಿ ಮಾರ್ಪಡಿಸಿದ ಸ್ಥಿತಿಗೆ ಕನಿಷ್ಠ ಸಮನಾಗಿರಬೇಕು ಎನ್ನುತ್ತದೆ. ಅಂಟಿಸಿದ ಹಳೆಯ ನಾಬ್‌ಗೆ ಆ ಅಳತೆ ದಾಟುವ ಶಕ್ತಿ ಇರಲಿಲ್ಲ.

ಗುಜರಿಗೆ ಹೋದ ಅದೇ ಮಾದರಿಯ ವಿಮಾನದಿಂದ ಮೂಲ ನಾಬ್ ತರಿಸುವುದು ಮಾಲೀಕರಿಗೆ ಅತ್ಯಂತ ಪ್ರಿಯವಾದ ದಾರಿಯಾಗಿತ್ತು. ಹಳೆಯ ವಿಮಾನದ ಪ್ಯಾನೆಲ್ ಹಳೆಯದಾಗಿಯೇ ಕಾಣಬೇಕೆಂಬ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ನಾಬ್‌ಗೂ ಇದೇ ವಯಸ್ಸು, ಇದೇ ಪ್ಲಾಸ್ಟಿಕ್, ಇದೇ ಕಾಯಿಲೆ. ಹೊರಗೆ ಹೊಳಪಿದ್ದರೂ ಒಳಗಿನ ರಂಧ್ರದ ಅಂಚಿನಲ್ಲಿ ಬಿರುಕು ಆರಂಭವಾಗಿಲ್ಲ ಎಂದು ಹೇಳಲು ಬರುವುದಿಲ್ಲ. ಮನೆಬಳಕೆಯ ಕಪಾಟಿನ ಹಿಡಿಕೆಯೊಂದನ್ನು ತಿರುಗಿಸಿ ಕೂರಿಸುವ ಮಾತು ಬಂದಾಗ ಮೆಕ್ಯಾನಿಕ್ ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ.

ಅಮೆರಿಕದ ನಿಯಮ 21.9 ಪ್ರಮಾಣೀಕೃತ ವಿಮಾನಕ್ಕೆ ಹಾಕಬಹುದಾದ ಬದಲಿ ಭಾಗಗಳು ಎಲ್ಲಿಂದ ಬರಬೇಕು ಎಂದು ಹೇಳುತ್ತದೆ. ಮೂಲ ತಯಾರಕರ ಉತ್ಪಾದನಾ ಅನುಮೋದನೆಯಡಿ ತಯಾರಾದ ಭಾಗ, ಬೇರೆ ತಯಾರಕರು ಪಿಎಂಎ ಎಂಬ ಅನುಮೋದನೆಯಡಿ ತಯಾರಿಸಿದ ಭಾಗ, ನಟ್ಟು ಬೋಲ್ಟುಗಳಂಥ ಪ್ರಮಾಣಿತ ಭಾಗ, ಇವು ಪರಿಚಿತ ಮಾರ್ಗಗಳು. ಅದೇ ಪಟ್ಟಿಯಲ್ಲಿ ಮಾಲೀಕರು ತಮ್ಮ ಸ್ವಂತ ವಿಮಾನವನ್ನು ನಿರ್ವಹಿಸಲು ತಾವೇ ತಯಾರಿಸಿದ ಭಾಗಕ್ಕೂ ಸ್ಥಾನವಿದೆ. ತಯಾರಕರು ಎಂದೋ ಬಾಗಿಲು ಹಾಕಿದ ಅಥವಾ ಬಿಡಿಭಾಗ ನಿಲ್ಲಿಸಿದ ವಿಮಾನಗಳನ್ನು ಹಾರಾಡಿಸುತ್ತಿರುವುದು ಬಹುಮಟ್ಟಿಗೆ ಈ ಒಂದು ಸಾಲು. ಇದನ್ನು ಬಹಳ ಮಂದಿ ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. ಮಾಲೀಕರೇ ಲೇತ್ ಮುಂದೆ ನಿಂತು ಕಡೆಯಬೇಕೆಂದಿಲ್ಲ. ವಿನ್ಯಾಸ ಅಥವಾ ಕಾರ್ಯಕ್ಷಮತೆಯ ವಿವರ ಕೊಡುವುದು, ಕಚ್ಚಾವಸ್ತು ಒದಗಿಸುವುದು, ತಯಾರಿಕೆಯ ವಿಧಾನ ಸೂಚಿಸುವುದು, ಗುಣಮಟ್ಟ ಪರೀಕ್ಷೆಯ ಕ್ರಮ ನಿಗದಿಪಡಿಸುವುದು, ತಯಾರಿಕೆಯ ಮೇಲ್ವಿಚಾರಣೆ ನಡೆಸುವುದು, ಇವುಗಳಲ್ಲಿ ಒಂದರಲ್ಲಾದರೂ ಅವರು ನಿಜವಾಗಿ ಭಾಗಿಯಾಗಿರಬೇಕು ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್ಎಎ 1993ರಲ್ಲಿ ಸ್ಪಷ್ಟಪಡಿಸಿತು. ಹಣ ಕೊಟ್ಟು 'ಒಂದು ನಾಬ್ ಮಾಡಿಕೊಡಿ' ಎಂದರೆ ಅದು ಮಾಲೀಕರು ತಯಾರಿಸಿದ ಭಾಗವಾಗುವುದಿಲ್ಲ. ಹೀಗೆ ತಯಾರಾದದ್ದನ್ನು ಇತರ ಮಾಲೀಕರಿಗೆ ಮಾರುವಂತೆಯೂ ಇಲ್ಲ.

ಪಿಎಂಎ ಅನುಮೋದನೆಯ ನಾಬ್‌ಗಳು ಮಾರುಕಟ್ಟೆಯಲ್ಲಿ ಸಿಕ್ಕವಾದರೂ ಈ ವಿಮಾನದ ಮಾದರಿಗೆ ಅನುಮೋದನೆ ಇದ್ದದ್ದು ಸಿಗಲಿಲ್ಲ. ಆದ್ದರಿಂದ ಮಾಲೀಕರು ತಯಾರಿಸುವ ಮಾರ್ಗವನ್ನೇ ಆರಿಸಲಾಯಿತು. ಮೂಲ ಪ್ಲಾಸ್ಟಿಕ್‌ನ ಬದಲು ಬೇರೆ ವಸ್ತು ಬಳಸುವ ಪ್ರಶ್ನೆಗೆ, ಹಳೆಯ ವಿಮಾನಗಳ ಭಾಗ ಮತ್ತು ವಸ್ತುಗಳ ಬದಲಾವಣೆ ಕುರಿತು ಎಫ್ಎಎ 2009ರಲ್ಲಿ ಹೊರತಂದ ಎಸಿ 23-27 ಎಂಬ ಸಲಹಾ ಪತ್ರ ನೆರವಿಗೆ ಬಂತು.

ವಸ್ತುವಿನ ಆಯ್ಕೆ

ಮಾಲೀಕರ ಮನೆಯಲ್ಲಿ ತ್ರೀಡಿ ಪ್ರಿಂಟರ್ ಇತ್ತು. ಅದರಲ್ಲಿ ಪಿಎಲ್ಎ ಪ್ಲಾಸ್ಟಿಕ್‌ನಿಂದ ಮೂಲ ನಾಬ್‌ನ ತದ್ರೂಪು ಒಂದು ಸಂಜೆಯಲ್ಲಿ ಸಿದ್ಧವಾಗುತ್ತಿತ್ತು. ಆದರೆ ಪಿಎಲ್ಎ ಸುಮಾರು 60 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಮತ್ತು ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಿಮಾನದ ಗಾಜಿನ ಹಿಂದೆ ಪ್ಯಾನೆಲ್ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಪ್ರಿಂಟ್ ಮಾಡಿದ ಭಾಗ ಪದರದಿಂದ ಪದರಕ್ಕೆ ಎಳೆಯುವ ದಿಕ್ಕಿನಲ್ಲಿ ದುರ್ಬಲವಾಗಿರುವುದು ಇನ್ನೊಂದು ತೊಡಕು. ನಾಬ್‌ನ ಮೇಲೆ ಬೀಳುವ ಬಲ ಬಹುಪಾಲು ಎಳೆತವೇ. ಬ್ರಿಟನ್ನಿನ ಗ್ಲೌಸ್ಟರ್‌ಶೈರ್ ವಿಮಾನ ನಿಲ್ದಾಣದಲ್ಲಿ 2025ರಲ್ಲಿ ಸ್ವಂತವಾಗಿ ಕಟ್ಟಿದ ಸಣ್ಣ ವಿಮಾನವೊಂದರ ಎಂಜಿನ್ನಿಗೆ ಗಾಳಿ ಒಯ್ಯುವ ತ್ರೀಡಿ ಪ್ರಿಂಟೆಡ್ ಪ್ಲಾಸ್ಟಿಕ್ ಮೊಣಕೈಕೊಳವೆ ಶಾಖಕ್ಕೆ ಮೆತ್ತಗಾಗಿ ಕುಸಿದು, ಎಂಜಿನ್ ಶಕ್ತಿ ಕಳೆದುಕೊಂಡಿತ್ತು. ಎಂಜಿನ್ ಕೋಣೆಯ ಕೊಳವೆಗೂ ಪ್ಯಾನೆಲ್‌ನ ನಾಬ್‌ಗೂ ಅಂತರವಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ವಸ್ತುವಿನ ಉಷ್ಣ ಗುಣವನ್ನು ಊಹೆಗೆ ಬಿಡಬಾರದೆಂಬ ವಾದಕ್ಕೆ ಅದಕ್ಕಿಂತ ನೇರ ಉದಾಹರಣೆ ಬೇಕಿಲ್ಲ. ಪ್ರಿಂಟರ್ ವ್ಯರ್ಥವಾಗಲಿಲ್ಲ, ಅದರಲ್ಲಿ ಆಕಾರದ ಮಾದರಿ ತೆಗೆದು ಕೈಗೆ ಹೊಂದುತ್ತದೆಯೇ ಎಂದು ನೋಡಲಾಯಿತು.

ಅಲ್ಯೂಮಿನಿಯಂ ನಾಬ್ ಹೀಗೆ ಬಿರುಕು ಬಿಡದು, ಆದರೆ ಅಪಘಾತದಲ್ಲಿ ಮುಖವೋ ಮಂಡಿಯೋ ಅದಕ್ಕೆ ಬಡಿಯಬಹುದು. ಕೊನೆಗೆ ಆರಿಸಿದ್ದು ಕಪ್ಪು ಅಸಿಟಾಲ್. ಲೇತ್‌ನಲ್ಲಿ ಚೆನ್ನಾಗಿ ಕಡೆಯಬಹುದಾದ, ನೀರನ್ನು ಅಷ್ಟಾಗಿ ಹೀರದ, 165 ಡಿಗ್ರಿಯ ಆಸುಪಾಸಿನವರೆಗೂ ಕರಗದ ಪ್ಲಾಸ್ಟಿಕ್ ಇದು. ಆದರೆ ಅಸಿಟಾಲ್ ಕೂಡ ಲೋಹಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಹಿತ್ತಾಳೆಯ ಒಳತೋಳನ್ನು ಅದರೊಳಗೆ ಬಿಗಿಯಾಗಿ ಒತ್ತಿ ಕೂರಿಸಿದ್ದರೆ ಹಳೆಯ ನಾಬ್‌ನ ರೋಗವನ್ನೇ ಹೊಸದಕ್ಕೆ ಅಂಟಿಸಿದಂತಾಗುತ್ತಿತ್ತು. ಆದ್ದರಿಂದ ತೋಳಿಗೂ ರಂಧ್ರಕ್ಕೂ ನಡುವೆ ಸಣ್ಣ ಸಡಿಲ ಬಿಡಲಾಯಿತು. ತೋಳಿನ ಪೈಲಟ್ ಕಡೆಯ ತುದಿಯಲ್ಲಿ ಅಗಲವಾದ ಅಂಚು ಇಟ್ಟದ್ದರಿಂದ ಎಳೆಯುವ ಬಲವನ್ನು ಆ ಅಂಚು ಹೊರುತ್ತದೆ. ತಿರುಗದಂತೆ ತಡೆಯಲು ಅಡ್ಡಲಾಗಿ ಒಂದು ಪಿನ್ ಇದೆ. ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಈ ಭಾಗ: ಮೂಲವನ್ನು ನಕಲು ಮಾಡುವಾಗ ಅದರ ದೋಷವನ್ನು ಬಿಟ್ಟು ಆಕಾರವನ್ನಷ್ಟೇ ನಕಲು ಮಾಡಿದ್ದಾರೆ.

ಬಣ್ಣ ಮತ್ತು ಆಕಾರ

ಮಾಲೀಕರು ಕೆಂಪು ನಾಬ್ ಬಯಸಿದ್ದರು, ತುರ್ತಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆಂಬ ಕಾರಣಕ್ಕೆ. ಮೆಕ್ಯಾನಿಕ್ ಇದಕ್ಕೆ ಒಪ್ಪಲಿಲ್ಲ, ಅವರ ನಿಲುವು ಸರಿ. ಹಗುರ ವಿಮಾನಗಳಲ್ಲಿ ಕೆಂಪು, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹದಗೊಳಿಸುವ ಮಿಕ್ಸ್ಚರ್ ನಾಬ್‌ನ ಬಣ್ಣ. ಬಹುತೇಕ ವಿಮಾನಗಳಲ್ಲಿ ಅದನ್ನು ಪೂರ್ತಿ ಎಳೆದರೆ ಎಂಜಿನ್ ನಿಲ್ಲುತ್ತದೆ. ಈ ವಿಮಾನದ ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್‌ನಲ್ಲಿ ಹಾಗೆ ನಿಲ್ಲಿಸುವ ವ್ಯವಸ್ಥೆ ಇಲ್ಲ ಎಂಬುದು ನಿಜವಾದರೂ, ಪೈಲಟ್ ತನ್ನ ಕೈಯ ಅಭ್ಯಾಸವನ್ನು ಒಂದು ವಿಮಾನದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತಾನೆ. ಕೆಂಪನ್ನು 'ಎಂಜಿನ್ ಉಳಿಸಲು ಎಳೆ' ಎಂದು ಇಲ್ಲಿ ಕಲಿತ ಕೈ, ಬೇರೆ ವಿಮಾನದಲ್ಲಿ ಕೆಂಪನ್ನು ಎಳೆದರೆ ಆಗುವುದು ಅದಕ್ಕೆ ತದ್ವಿರುದ್ಧ.

ಇದು ಅತಿ ಎಚ್ಚರವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್, ಬಿ-17 ಬಾಂಬರ್‌ಗಳಲ್ಲಿ ಪಕ್ಕಪಕ್ಕದಲ್ಲಿದ್ದ ಒಂದೇ ರೂಪದ ಫ್ಲ್ಯಾಪ್ ಮತ್ತು ಚಕ್ರದ ಸ್ವಿಚ್‌ಗಳನ್ನು ಪೈಲಟ್‌ಗಳು ಗೊಂದಲ ಮಾಡಿಕೊಳ್ಳುತ್ತಿದ್ದುದನ್ನು ಗುರುತಿಸಿದ್ದರು. ಮನಶ್ಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ 1947ರಲ್ಲಿ, ನಿಯಂತ್ರಣಗಳ ಬಳಕೆಯಲ್ಲಿ ಪೈಲಟ್‌ಗಳು ಮಾಡಿದ 460 ತಪ್ಪುಗಳನ್ನು ವಿಶ್ಲೇಷಿಸಿದಾಗ, ಸುಮಾರು ಅರ್ಧದಷ್ಟು ಒಂದು ನಿಯಂತ್ರಣದ ಬದಲು ಇನ್ನೊಂದನ್ನು ಹಿಡಿದ ತಪ್ಪುಗಳಾಗಿದ್ದವು. ಮುಂದೆ ನಿಯಮ 23.777 ಕಾರ್ಬ್ಯುರೇಟರ್ ಹೀಟ್ ನಾಬ್, ಎಂಜಿನ್ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲ್‌ನ ಎಡಕ್ಕಿರಬೇಕು, ಇಲ್ಲವೇ ಮಿಕ್ಸ್ಚರ್‌ನಿಂದ ಕನಿಷ್ಠ 8 ಅಂಗುಲ ದೂರವಿರಬೇಕು ಎಂದು ಹೇಳಿತು, 23.781 ನಾಬ್‌ಗಳ ಆಕಾರಗಳನ್ನೇ ಚಿತ್ರಿಸಿತು. 2017ರ ಪುನರ್ರಚನೆಯ ನಂತರ ಭಾಗ 23ರಲ್ಲಿ ಈ ಬಗೆಯ ಬಿಡಿವಿವರಗಳು ಉಳಿದಿಲ್ಲ. 1946ರ ವಿಮಾನಕ್ಕೆ ಅವು ಎಂದೂ ಅನ್ವಯಿಸಿರಲೂ ಇಲ್ಲ. ಆದರೂ ಹೊಸ ನಾಬ್ ಮಾಡುವವರಿಗೆ ಅವುಗಳಿಗಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ. ಹೊಸ ನಾಬ್ ಮೂಲದಂತೆ ಕಪ್ಪಾಗಿಯೇ, ದುಂಡಾಗಿಯೇ ಉಳಿಯಿತು. ಪಕ್ಕದ ಕ್ಯಾಬಿನ್ ಹೀಟ್ ನಾಬ್‌ನಿಂದ ಸ್ಪರ್ಶದಲ್ಲಿಯೇ ಬೇರೆಯೆಂದು ತಿಳಿಯಲು ಅದರ ಅಂಚಿಗೆ ಮಾತ್ರ ಗೀರುಗಳನ್ನು ಹಾಕಲಾಯಿತು. ಮುಖದ ಮೇಲೆ ಕೆಲಸದ ಹೆಸರನ್ನು ಕೊರೆಯಲಾಯಿತು.

ಥ್ರೆಡ್, ಜೋಡಣೆ, ಪರೀಕ್ಷೆ

ಸರಳಿನ ಥ್ರೆಡ್ಡನ್ನು ಗೇಜ್‌ನಿಂದ ಅಳೆದಾಗ ಅದು ಅಂಗುಲ ಪದ್ಧತಿಯ 10-32 ಎಂದು ತಿಳಿಯಿತು. ಇಲ್ಲಿ ಒಂದು ಬಲೆ ಇದೆ. 10-32ರ ವ್ಯಾಸ 4.83 ಮಿ.ಮೀ., ಎಳೆಗಳ ಅಂತರ 0.794 ಮಿ.ಮೀ.; ಮೆಟ್ರಿಕ್ ಎಂ5ರ ವ್ಯಾಸ 5 ಮಿ.ಮೀ., ಅಂತರ 0.8 ಮಿ.ಮೀ. ಎಂ5 ಥ್ರೆಡ್ ಇರುವ ನಾಬ್ 10-32 ಸರಳಿನ ಮೇಲೆ ಸಲೀಸಾಗಿ ತಿರುಗಿ ಕೂರುತ್ತದೆ, ಸರಿಯಾಗಿಯೇ ಕೂತಂತೆ ಕಾಣುತ್ತದೆ. ಆದರೆ ಎಳೆಗಳು ತುದಿಯಲ್ಲಷ್ಟೇ ಕಚ್ಚಿಕೊಂಡಿರುತ್ತವೆ. ಜೋರಾಗಿ ಎಳೆದ ದಿನ ಅವು ಕಿತ್ತುಬರುತ್ತವೆ.

ತುಕ್ಕನ್ನು ತೆಗೆದು, ಸರಳಿನ ಮೇಲೆ ಮೊದಲು ಲಾಕ್ ನಟ್ಟು, ಆಮೇಲೆ ನಾಬ್ ಹಾಕಿ ಒಂದನ್ನೊಂದು ಬಿಗಿಯಲಾಯಿತು. ಬಿಗಿಯುವಾಗ ಸರಳನ್ನು ಮೆದು ದವಡೆಯ ಇಕ್ಕಳದಲ್ಲಿ ಹಿಡಿಯದಿದ್ದರೆ ತಿರುಚುವ ಬಲ ಪೂರ್ತಿ ಒಳತಂತಿಗೆ ಹೋಗುತ್ತದೆ. ಥ್ರೆಡ್ ಲಾಕ್ ದ್ರವವನ್ನು ಉಕ್ಕು ಮತ್ತು ಹಿತ್ತಾಳೆಯ ನಡುವೆ ಒಂದು ಹನಿಯಷ್ಟೇ ಬಳಸಲಾಯಿತು. ಈ ದ್ರವಗಳು ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕುಬಿಡಿಸುತ್ತವೆ; ಹಳೆಯ ನಾಬ್‌ಗಳಿಗೆ ಅದನ್ನು ಧಾರಾಳವಾಗಿ ಸುರಿದು ಹಾಳುಮಾಡಿದವರು ಇದ್ದಾರೆ.

ಏರ್‌ಬಾಕ್ಸ್ ತುದಿಯ ಹೊಂದಾಣಿಕೆ ನಾಬ್‌ಗಿಂತ ಹೆಚ್ಚು ಸಮಯ ತೆಗೆದುಕೊಂಡಿತು. ನಾಬನ್ನು ಒಳಗೆ ತಳ್ಳಿದಾಗ ಅದು ಪ್ಯಾನೆಲ್‌ಗೆ ತಾಗುವ ಮುನ್ನವೇ ಕದ ತನ್ನ ತಣ್ಣನೆಯ ಬದಿಯ ತಡೆಗೆ ತಾಗಬೇಕು, ನಾಬ್‌ನ ಹಿಂದೆ ಸುಮಾರು 3 ಮಿ.ಮೀ. ಅಂತರ ಉಳಿಯಬೇಕು. ನಾಬ್ ಮೊದಲು ತಾಗಿದರೆ ಕದ ಪೂರ್ತಿ ಮುಚ್ಚಿದೆಯೆಂಬ ಖಾತರಿಯಿಲ್ಲ. ಮೇಲೇರುವಾಗ ಬಿಸಿಗಾಳಿ ಸೋರಿ ಶಕ್ತಿ ಕುಗ್ಗುತ್ತದೆ, ಫಿಲ್ಟರ್ ಹಾಯದ ಧೂಳೂ ಎಂಜಿನ್ನಿಗೆ ಹೋಗುತ್ತದೆ. ಬಿಸಿ ಬದಿಯಲ್ಲಿಯೂ ಇದೇ ರೀತಿ ಕದ ಮೊದಲು ತಡೆಗೆ ತಾಗಬೇಕು. ಒಬ್ಬರು ಪ್ಯಾನೆಲ್‌ನ ಮುಂದೆ, ಇನ್ನೊಬ್ಬರು ಏರ್‌ಬಾಕ್ಸ್‌ನ ಬಳಿ ಕನ್ನಡಿ ಹಿಡಿದು ಇದನ್ನು ಕಣ್ಣಾರೆ ನೋಡಿದರು.

ಎಂಜಿನ್ ಬಿಸಿಯಾದ ಮೇಲೆ 1700 ಸುತ್ತುಗಳಲ್ಲಿ ಹೀಟ್ ಎಳೆದಾಗ ಇಳಿತ ನೂರು ಸುತ್ತುಗಳನ್ನು ದಾಟಿತು. ಹಿಂದಿನ ದಿನಗಳಲ್ಲಿ ಮಾಲೀಕರು ನೋಡುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ನಾಬ್ ಒಳಗೆ ತಳ್ಳಿದಾಗ ಸುತ್ತುಗಳು ಮೊದಲಿದ್ದಲ್ಲಿಗೆ ಮರಳಿದವು.

ದಾಖಲೆ

ಈ ಕೆಲಸವನ್ನು ಮಾಲೀಕರು ತಾವೇ ಮಾಡಿ ಸಹಿ ಹಾಕುವಂತಿರಲಿಲ್ಲ. ಪೈಲಟ್ ಪರವಾನಗಿ ಇರುವ ಮಾಲೀಕರಿಗೆ ಅನುಮತಿಸಿರುವ ಮುನ್ನೆಚ್ಚರಿಕೆಯ ನಿರ್ವಹಣೆಯ ಪಟ್ಟಿ, ವಿಮಾನಗಳ ದುರಸ್ತಿ ಮತ್ತು ನಿರ್ವಹಣೆಯ ನಿಯಮಗಳಾದ ಭಾಗ 43ರ ಅನುಬಂಧ ಎ-ಯಲ್ಲಿದೆ. ಟೈರು, ಬ್ಯಾಟರಿ, ಸ್ಪಾರ್ಕ್ ಪ್ಲಗ್‌ಗಳಂಥವು ಅದರಲ್ಲಿವೆ, ಎಂಜಿನ್ ನಿಯಂತ್ರಣದ ಕೇಬಲ್ ಹೊಂದಾಣಿಕೆ ಇಲ್ಲ. ಮೆಕ್ಯಾನಿಕ್‌ನ ನೇರ ಮೇಲ್ವಿಚಾರಣೆಯಲ್ಲಿ ಕೈಜೋಡಿಸಲು ಅಡ್ಡಿಯಿಲ್ಲ, ಇಲ್ಲಿ ಹಾಗೆಯೇ ನಡೆಯಿತು. ಕೆಲಸ ಸಣ್ಣ ದುರಸ್ತಿಯ ವರ್ಗಕ್ಕೆ ಸೇರಿದ್ದರಿಂದ, ದೊಡ್ಡ ದುರಸ್ತಿಗಳಿಗೆ ಬೇಕಾದ ಫಾರಂ 337ರ ಅಗತ್ಯ ಬೀಳಲಿಲ್ಲ.

ನಿಯಮ 43.9ರಂತೆ ಲಾಗ್‌ಬುಕ್ಕಿನಲ್ಲಿ ಕೆಲಸದ ವಿವರ, ಮುಗಿದ ದಿನಾಂಕ, ಮೆಕ್ಯಾನಿಕ್‌ನ ಸಹಿ, ಪರವಾನಗಿಯ ಸಂಖ್ಯೆ ಮತ್ತು ವರ್ಗ ದಾಖಲಾದವು. 'ನಾಬ್ ಬದಲಿಸಲಾಗಿದೆ' ಎಂಬ ಎರಡು ಪದಗಳಿಗೆ ನಿಲ್ಲದೆ, ಕೇಬಲ್‌ನ ಬಿಗಿತ, ಜಾರಿದ ಕ್ಲ್ಯಾಂಪ್, ಹಿಂದಿನ ಮತ್ತು ಈಗಿನ ಎಳೆತದ ಬಲ, ಸುತ್ತುಗಳ ಇಳಿತ ಎಲ್ಲವನ್ನೂ ಬರೆಯಲಾಯಿತು. ಮುಂದಿನ ತಪಾಸಣೆಯಲ್ಲಿ ಬೇರೊಬ್ಬ ಮೆಕ್ಯಾನಿಕ್‌ಗೆ ಹೋಲಿಸಿ ನೋಡಲು ಇವೇ ಬೇಕಾಗುತ್ತವೆ. ಮಾಲೀಕರು ತಮ್ಮ ಸಹಿಯಿರುವ ನಾಬ್‌ನ ಅಳತೆಯ ನಕ್ಷೆ, ಅಸಿಟಾಲ್ ಕಂಬಿ ಕೊಂಡ ರಸೀದಿ ಮತ್ತು ಅಳೆದು ಒಪ್ಪಿದ ಟಿಪ್ಪಣಿಯನ್ನು ವಿಮಾನದ ಕಡತಕ್ಕೆ ಸೇರಿಸಿದರು.

ಉಳಿದ ನಾಬ್‌ಗಳನ್ನೂ ಅದೇ ಸಂದರ್ಭದಲ್ಲಿ ಭೂತಗನ್ನಡಿಯಡಿ ನೋಡಲಾಯಿತು. ಕ್ಯಾಬಿನ್ ಹೀಟ್ ನಾಬ್‌ನಲ್ಲಿ ಏನೂ ಕಾಣಲಿಲ್ಲ. ಎಂಜಿನ್ ಚಾಲೂ ಮಾಡುವ ಮುನ್ನ ಅದಕ್ಕೆ ಪೆಟ್ರೋಲ್ ಹಾಯಿಸುವ ಪ್ರೈಮರ್ ನಾಬ್‌ನ ಹಿಂಬದಿಯಲ್ಲಿ, ಲೋಹದ ತೋಳಿನ ಅಂಚಿನಿಂದ ಹೊರಟ ಕೂದಲೆಳೆಯಂಥ ಬಿರುಕು ಸಿಕ್ಕಿತು. ಅದಕ್ಕೂ ಅಸಿಟಾಲ್ ನಾಬ್ ಮಾಡಲು ತೀರ್ಮಾನಿಸಿ, ನಕ್ಷೆ ಬರೆಯುವ ಮೊದಲು ಅದರ ಥ್ರೆಡ್ಡನ್ನು ಬೇರೆಯಾಗಿಯೇ ಅಳೆಯಬೇಕೆಂದು ಮೆಕ್ಯಾನಿಕ್ ಟಿಪ್ಪಣಿ ಬರೆದಿಟ್ಟರು.